ಗಾಯದ ಅಂಚಿನಲ್ಲಿ ಕೂತ ಕೋಶಗಳು

ಹೊಸ ಗಾಯ ಒಂದೂ ಇಲ್ಲ ಅನ್ನುತ್ತದೆ ಎಂಆರ್‌ಐ ರಿಪೋರ್ಟ್. ಆದರೆ ಕಾಲು ಹೋದ ವರ್ಷಕ್ಕಿಂತ ಭಾರ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವ ಎಷ್ಟೋ ಜನ ಇದನ್ನೇ ಹೇಳುತ್ತಾರೆ, ನನ್ನ ತಂಗಿಯೂ ಹೇಳುತ್ತಾಳೆ. ಔಷಧ ಕೆಲಸ ಮಾಡುತ್ತಿದೆ, ರಿಲ್ಯಾಪ್ಸ್ (ಲಕ್ಷಣಗಳು ಇದ್ದಕ್ಕಿದ್ದಂತೆ ಮರುಕಳಿಸುವುದು) ಆಗಿ ತುಂಬಾ ಕಾಲವಾಯಿತು, ಸ್ಕ್ಯಾನ್‌ನಲ್ಲಿ ಏನೂ ಗಲಾಟೆ ಇಲ್ಲ. ಆದರೂ ನಡಿಗೆ ನಿಧಾನವಾಗುತ್ತಿದೆ. "ಎಲ್ಲ ಚೆನ್ನಾಗಿದೆ ಅಂತಾರಲ್ಲ, ಹಾಗಾದ್ರೆ ನನಗೆ ಯಾಕೆ ಹೀಗಾಗ್ತಿದೆ ಅಕ್ಕಾ?" ಅಂತ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಯಾವ ದಾರಿ ಹಿಡಿದರೂ ಕೊನೆಗೆ ಬಂದು ನಿಂತದ್ದು ಒಂದೇ ಕಡೆ: ಮಿದುಳಿನ ಆ ಗಾಯಗಳ ಒಳಗಿರುವ ರೋಗನಿರೋಧಕ ಕೋಶಗಳ ಹತ್ತಿರ. ಅಲ್ಲಿರುವುದು ಯಾವ ಕೋಶ, ಅದು ಎಲ್ಲಿಂದ ಬಂತು, ಎಷ್ಟು ಕಾಲದಿಂದ ಅಲ್ಲೇ ಇದೆ?

"ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ" ಅಂತ ಎಂಎಸ್ ಬಗ್ಗೆ ಎಲ್ಲ ಕಡೆ ಬರೆದಿರುತ್ತದೆ. ಸುಳ್ಳಲ್ಲ. ಆದರೆ ಅಷ್ಟು ಮಾತ್ರ ಕೇಳಿದವರು ಒಂದೇ ಶತ್ರು ಇದ್ದಾನೆ, ಅವನನ್ನು ಹೊಡೆದು ಹಾಕಿದರೆ ಕಾಯಿಲೆ ಮುಗಿಯಿತು ಅಂದುಕೊಳ್ಳುತ್ತಾರೆ. ಗಾಯದೊಳಗೆ ಇರುವುದು ಹಲವು ಬಗೆಯ ಕೋಶಗಳು. ಕೆಲವು ಹೊರಗಿನಿಂದ ಬಂದವು, ಕೆಲವು ಹುಟ್ಟಿದಾಗಿನಿಂದ ಅಲ್ಲೇ ಇದ್ದವು. ಒಂದೇ ಜಾತಿಯ ಕೋಶ ಒಂದು ವಾರ ಹಾಳು ಮಾಡುತ್ತದೆ, ಇನ್ನೊಂದು ವಾರ ಅದೇ ಹಾಳನ್ನು ಗುಡಿಸುತ್ತದೆ. ಇದನ್ನು ಬಿಡಿಸಿ ನೋಡದೆ ಈ ಕಾಯಿಲೆ ಅರ್ಥವಾಗುವುದಿಲ್ಲ.

ಗಾಯ ಅಂದರೆ ಏನು ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ. ನರತಂತುಗಳ ಸುತ್ತ ಮೈಲಿನ್ ಅನ್ನುವ ಹೊದಿಕೆ ಇರುತ್ತದೆ, ಹೆಚ್ಚು ಭಾಗ ಕೊಬ್ಬು. ಸಂಕೇತಗಳು ವೇಗವಾಗಿ ಹೋಗುವುದು ಅದರಿಂದಲೇ. ಆಲಿಗೋಡೆಂಡ್ರೋಸೈಟ್ ಅನ್ನುವ ಕೋಶಗಳು ಇದನ್ನು ಸುತ್ತುತ್ತವೆ. ಎಂಎಸ್‌ನಲ್ಲಿ ಮಿದುಳು, ಬೆನ್ನುಹುರಿ, ಕಣ್ಣಿನ ನರದಲ್ಲಿ ಅಲ್ಲಲ್ಲಿ ಈ ಹೊದಿಕೆ ಕಿತ್ತುಹೋಗುತ್ತದೆ. ಆ ಜಾಗ ಕೊನೆಗೆ ಗಟ್ಟಿಯಾದ ಕಲೆಯಾಗಿ ಉಳಿಯುತ್ತದೆ. ಪ್ಯಾರಿಸ್‌ನಲ್ಲಿ ಜೀನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಲೆಗಳನ್ನೂ ರೋಗಿಗಳ ಲಕ್ಷಣಗಳನ್ನೂ ಜೋಡಿಸಿ ಇದೊಂದು ಬೇರೆಯೇ ಕಾಯಿಲೆ ಅಂತ ವಿವರಿಸಿದರು. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್ ಸೂಕ್ಷ್ಮದರ್ಶಕದಲ್ಲಿ ಬಹಳ ವಿವರವಾಗಿ ನೋಡಿ ಬರೆದರು. ಗಾಯಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬಹುಪಾಲು ಒಂದು ಸಣ್ಣ ಅಭಿಧಮನಿಯ ಸುತ್ತ ಹುಟ್ಟುತ್ತವೆ, ಆ ರಕ್ತನಾಳದ ಉದ್ದಕ್ಕೂ ಬೆರಳಿನ ಹಾಗೆ ಚಾಚಿಕೊಳ್ಳುತ್ತವೆ. ಇವತ್ತಿಗೂ ರೇಡಿಯಾಲಜಿ ರಿಪೋರ್ಟ್‌ಗಳಲ್ಲಿ "ಡಾಸನ್ಸ್ ಫಿಂಗರ್ಸ್" ಅಂತ ಕಾಣುವುದು ಇದೇ.

ನಡುವೆ ರಕ್ತನಾಳ ಇದೆ ಅಂದ ಮೇಲೆ ಬರುವವರು ರಕ್ತದಿಂದಲೇ ಬರುತ್ತಿರಬೇಕು, ಅಲ್ವಾ?

ಬರುವುದು ಸುಲಭವಲ್ಲ. ಮಿದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ರಕ್ತದಲ್ಲಿ ಓಡಾಡುವ ಟಿ ಕೋಶಗಳಲ್ಲಿ (ರೋಗನಿರೋಧಕ ಕೋಶಗಳ ಒಂದು ಬಗೆ) ಬಹುಪಾಲು ಸುಮ್ನೆ ಹಾದುಹೋಗುತ್ತವೆ. ಕೆರಳಿದ ಟಿ ಕೋಶ ಮಾತ್ರ ಬೇರೆ. ಅದರ ಮೈಮೇಲೆ ಆಲ್ಫಾ-4 ಇಂಟೆಗ್ರಿನ್ ಅನ್ನುವ ಪ್ರೋಟೀನ್ ಇರುತ್ತದೆ, ಉರಿಯೂತ ಶುರುವಾದ ರಕ್ತನಾಳದ ಗೋಡೆಯಲ್ಲಿ ಅದಕ್ಕೆ ಸರಿಹೊಂದುವ ಇನ್ನೊಂದು ಪ್ರೋಟೀನ್ ಎದ್ದಿರುತ್ತದೆ. ಎರಡೂ ಹಿಡಿದುಕೊಂಡಾಗ ಕೋಶ ನಿಲ್ಲುತ್ತದೆ, ಚಪ್ಪಟೆಯಾಗುತ್ತದೆ, ಗೋಡೆಯ ಸಂದಿಯಿಂದ ನುಸುಳುತ್ತದೆ. 1992ರಲ್ಲಿ ಪ್ರಾಣಿಗಳಲ್ಲಿ ಈ ಹಿಡಿತವನ್ನೇ ತಡೆದು ನೋಡಿದರು. ಮಿದುಳಿನೊಳಗೆ ಕೋಶಗಳು ಹೋಗಲಿಲ್ಲ, ಕಾಯಿಲೆಯೂ ಬರಲಿಲ್ಲ. ಅದರಿಂದ ಬಂದ ಔಷಧವೇ ನಟಾಲಿಜುಮ್ಯಾಬ್. ಅದು ಮಿದುಳಿನೊಳಗೆ ಏನನ್ನೂ ರಿಪೇರಿ ಮಾಡುವುದಿಲ್ಲ, ಒಳಗೆ ಹೋಗುವವರನ್ನು ತಡೆಯುತ್ತದೆ ಅಷ್ಟೇ. ಅಷ್ಟಕ್ಕೇ ರಿಲ್ಯಾಪ್ಸ್‌ಗಳು ದೊಡ್ಡ ಪ್ರಮಾಣದಲ್ಲಿ ಇಳಿದವು, ಹೊಸ ಗಾಯಗಳೂ ಇಳಿದವು. ಗಾಯ ಶುರು ಮಾಡುವವರು ಹೊರಗಿನಿಂದ ಬರುತ್ತಾರೆ ಅನ್ನುವುದಕ್ಕೆ ಮನುಷ್ಯರಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಾಗಿಲ್ಲ ಅಂತ ನನಗೆ ಅನಿಸುತ್ತದೆ.

ಆದರೆ ಆ ಔಷಧದ ಕಥೆಯ ಇನ್ನೊಂದು ಭಾಗವನ್ನೂ ಹೇಳಲೇಬೇಕು. 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2005ರ ಫೆಬ್ರವರಿಯಲ್ಲಿ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಔಷಧ ತೆಗೆದುಕೊಂಡ ಕೆಲವರಿಗೆ ಪಿಎಂಎಲ್ ಅನ್ನುವ ಮಿದುಳಿನ ಸೋಂಕು ಬಂದಿತ್ತು, ಜೀವವೂ ಹೋಗಿತ್ತು. ಕಾರಣ ಜೆಸಿ ವೈರಸ್. ಬಹಳಷ್ಟು ವಯಸ್ಕರ ದೇಹದಲ್ಲಿ ಅದು ತೆಪ್ಪಗೆ ಇರುತ್ತದೆ, ಏನೂ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ ಅಂದರೆ ಟಿ ಕೋಶಗಳು ಆಗಾಗ ಮಿದುಳಿಗೂ ಹೋಗಿ ನೋಡಿಕೊಂಡು ಬರುತ್ತವೆ. ಆ ಓಡಾಟ ನಿಂತರೆ ಕಾವಲೂ ನಿಂತಂತೆ. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಇಟ್ಟು ಔಷಧವನ್ನು ಮತ್ತೆ ಬಿಟ್ಟರು. ಈಗ ಜೆಸಿ ವೈರಸ್‌ನ ಪ್ರತಿಕಾಯ ಇದೆಯಾ ಅಂತ ರಕ್ತ ನೋಡಿಯೇ ಕೊಡುವುದು. ತಂಗಿಯ ಕಾಯಿಲೆಗೆ ಕಾರಣವಾದ ಕೋಶಗಳ ಮೇಲೆ ನನಗೆ ಬರೀ ಸಿಟ್ಟಿತ್ತು. ಇದನ್ನು ಓದಿದ ಮೇಲೆ ಆ ಸಿಟ್ಟು ಹಾಗೇ ಉಳಿಯಲಿಲ್ಲ. ಅವಳ ಮಿದುಳನ್ನು ಇಷ್ಟು ವರ್ಷ ಸೋಂಕಿಲ್ಲದೆ ಕಾದವರೂ ಅದೇ ವಂಶದವರು.

ಒಳಗೆ ಬಂದ ಟಿ ಕೋಶ ಏನು ಮಾಡುತ್ತದೆ? ಇಲ್ಲಿ ಇಲಿಗಳು ಹೇಳುವುದೇ ಒಂದು, ಮನುಷ್ಯರ ಮಿದುಳು ಹೇಳುವುದೇ ಇನ್ನೊಂದು. ಪಾಶ್ಚರ್ ಕಾಲದ ಹುಚ್ಚುನಾಯಿ ಲಸಿಕೆಯನ್ನು ಮೊಲದ ಬೆನ್ನುಹುರಿಯಿಂದ ಮಾಡುತ್ತಿದ್ದರು. ಅದನ್ನು ಚುಚ್ಚಿಸಿಕೊಂಡ ಕೆಲವರಿಗೆ ಲಕ್ವ ಹೊಡೆಯುತ್ತಿತ್ತು. ಇದು ಯಾಕೆ ಅಂತ ಹುಡುಕಲು 1930ರ ದಶಕದಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟ್‌ನಲ್ಲಿ ಥಾಮಸ್ ರಿವರ್ಸ್ ಮತ್ತವರ ಜೊತೆಯವರು ಕೋತಿಗಳಿಗೆ ಆರೋಗ್ಯವಾದ ಮೊಲದ ಮಿದುಳಿನ ಸಾರವನ್ನು ಮತ್ತೆ ಮತ್ತೆ ಚುಚ್ಚಿದರು. ವೈರಸ್ ಏನೂ ಇಲ್ಲದೆಯೇ ಕೋತಿಗಳ ಮಿದುಳಿನಲ್ಲಿ ಮೈಲಿನ್ ಕಿತ್ತುಹೋಯಿತು. ಎಂಎಸ್ ಸಂಶೋಧನೆಗೆ ಬಳಸುವ ಪ್ರಾಣಿ ಮಾದರಿ ಶುರುವಾದದ್ದು ಹೀಗೆ. ಇಲಿಗಳಲ್ಲಿ ಈ ಕಾಯಿಲೆ ತರುವುದು ಮುಖ್ಯವಾಗಿ ಸಿಡಿ4 ಅನ್ನುವ ಬಗೆಯ ಟಿ ಕೋಶಗಳು. ಆದರೆ ತೀರಿಕೊಂಡ ಎಂಎಸ್ ರೋಗಿಗಳ ಮಿದುಳಿನ ಗಾಯಗಳಲ್ಲಿ ಎಣಿಸಿ ನೋಡಿದರೆ ಸಿಡಿ8 ಕೋಶಗಳೇ ಜಾಸ್ತಿ. ಸೋಂಕು ತಗುಲಿದ ಕೋಶಗಳನ್ನು ನೇರವಾಗಿ ಕೊಲ್ಲುವ ಬಗೆ ಅದು. ಎಷ್ಟೋ ಕಡೆ ಒಂದೇ ತಾಯಿಕೋಶದಿಂದ ಹುಟ್ಟಿದ ಸಿಡಿ8 ಕೋಶಗಳು ಗುಂಪಾಗಿ ಸಿಗುತ್ತವೆ, ಅಂದರೆ ಅವು ಯಾವುದೋ ಒಂದು ಗುರುತನ್ನು ಹುಡುಕಿಕೊಂಡೇ ಬಂದು ಹೆಚ್ಚಿಕೊಂಡಿವೆ. ಕೆಲವು ವಾಪಸ್ ಹೋಗುವುದೂ ಇಲ್ಲ. ವರ್ಷಗಟ್ಟಲೆ ರಕ್ತನಾಳದ ಪಕ್ಕದಲ್ಲೇ ನೆಲೆಸಿಬಿಡುತ್ತವೆ.

ಇಲಿಗಳನ್ನು ನಂಬಿ ಹೋದ ಔಷಧಗಳಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಸಿಡಿ4 ಕೋಶಗಳ ದಾರಿ ತಡೆಯುವ ಉಸ್ಟೆಕಿನುಮ್ಯಾಬ್ ಸೋರಿಯಾಸಿಸ್‌ಗೆ ಒಳ್ಳೆಯ ಔಷಧ. ಎಂಎಸ್‌ನಲ್ಲಿ ಅದರಿಂದ ಏನೂ ಉಪಯೋಗ ಆಗಲಿಲ್ಲ. ಟಿಎನ್ಎಫ್ ಅನ್ನುವ ಉರಿಯೂತದ ರಾಸಾಯನಿಕವನ್ನು ತಡೆದರೆ ಕೀಲುವಾತ ಇಳಿಯುತ್ತದೆ, ಎಂಎಸ್ ಮಾತ್ರ ಹೆಚ್ಚಾಗುತ್ತದೆ. 1987ರ ಒಂದು ಪ್ರಯೋಗದಲ್ಲಿ ಗಾಮಾ ಇಂಟರ್‌ಫೆರಾನ್ ಕೊಟ್ಟಾಗ ಹಲವರಿಗೆ ರಿಲ್ಯಾಪ್ಸ್ ಆಯಿತು. ಅದೇ ಕುಟುಂಬದ ಬೀಟಾ ಇಂಟರ್‌ಫೆರಾನ್ 1993ರಲ್ಲಿ ಎಂಎಸ್‌ಗೆ ಬಂದ ಮೊದಲ ದೊಡ್ಡ ಔಷಧವಾಯಿತು. ಈ ಪ್ರಯೋಗಗಳಲ್ಲಿ ಕೈ ಚಾಚಿ ಸೂಜಿ ಚುಚ್ಚಿಸಿಕೊಂಡು ಇನ್ನಷ್ಟು ಹಾಳಾದ ಜನರನ್ನು ನಾನು ಆಗಾಗ ನೆನೆಯುತ್ತೇನೆ. ಅವರಿಂದ ಗೊತ್ತಾದದ್ದರ ಮೇಲೆಯೇ ನನ್ನ ತಂಗಿಗೆ ಈಗ ಔಷಧ ಬರೆಯುವುದು.

ಬಿ ಕೋಶಗಳದ್ದು ಇನ್ನೂ ವಿಚಿತ್ರ. ಎಂಎಸ್ ಇರುವವರ ಬೆನ್ನುಹುರಿಯ ದ್ರವದಲ್ಲಿ ಪ್ರತಿಕಾಯದ ಪ್ರೋಟೀನ್‌ಗಳು ಜಾಸ್ತಿ ಇರುತ್ತವೆ ಅಂತ ಎಲ್ವಿನ್ ಕಬಾಟ್ 1942ರಲ್ಲೇ ತೋರಿಸಿದ್ದರು. ಪ್ರತಿಕಾಯ ಮಾಡುವುದು ಬಿ ಕೋಶದ ವಂಶ. ಆದರೂ ದಶಕಗಳ ಕಾಲ ಎಲ್ಲರ ಕಣ್ಣು ಟಿ ಕೋಶದ ಮೇಲೆಯೇ. 2008ರಲ್ಲಿ ಸ್ಟೀಫನ್ ಹೌಸರ್ ತಂಡ 104 ಜನರ ಮೇಲೆ ರಿಟುಕ್ಸಿಮ್ಯಾಬ್ ಪ್ರಯೋಗದ ಫಲಿತಾಂಶ ಕೊಟ್ಟಿತು. ಸಿಡಿ20 ಅನ್ನುವ ಗುರುತಿರುವ ಬಿ ಕೋಶಗಳನ್ನು ಇದು ಅಳಿಸಿಹಾಕುತ್ತದೆ. ಸ್ಕ್ಯಾನ್‌ಗೆಂದು ಚುಚ್ಚುವ ಕಾಂಟ್ರಾಸ್ಟ್ ದ್ರವವನ್ನು ಹೀರಿ ಹೊಳೆಯುವ ಸಕ್ರಿಯ ಗಾಯಗಳು 91 ಶೇಕಡ ಕಡಿಮೆಯಾದವು, ಅದೂ ಕೆಲವೇ ವಾರಗಳಲ್ಲಿ. ಅಚ್ಚರಿ ಏನೆಂದರೆ ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶಗಳ ಮೇಲೆ ಸಿಡಿ20 ಇರುವುದೇ ಇಲ್ಲ. ಔಷಧ ಅವುಗಳನ್ನು ಮುಟ್ಟಲಿಲ್ಲ, ಬೆನ್ನುಹುರಿಯ ದ್ರವದ ಪ್ರತಿಕಾಯಗಳೂ ಬಹುಪಾಲು ಹಾಗೇ ಉಳಿದವು. ಅಂದರೆ ಬಿ ಕೋಶದ ತಪ್ಪು ಪ್ರತಿಕಾಯ ಮಾಡುವುದರಲ್ಲಿ ಮಾತ್ರ ಇರಲಿಲ್ಲ. ಟಿ ಕೋಶದ ಮುಂದೆ ತುಣುಕುಗಳನ್ನು ಹಿಡಿದು "ಇದನ್ನು ನೋಡು" ಅಂತ ತೋರಿಸುವುದು, ರಾಸಾಯನಿಕ ಬಿಟ್ಟು ಕೆರಳಿಸುವುದು, ಇದೇ ಅದರ ದೊಡ್ಡ ಪಾತ್ರ. ಇದೇ ದಾರಿಯ ಒಕ್ರೆಲಿಜುಮ್ಯಾಬ್‌ಗೆ 2017ರಲ್ಲಿ ಒಪ್ಪಿಗೆ ಸಿಕ್ಕಿತು.

ಹಾಗಂತ ಬಿ ಕೋಶದ ವಂಶವನ್ನು ಹೇಗೆ ಹೊಡೆದರೂ ಒಳ್ಳೆಯದೇ ಅಂದುಕೊಳ್ಳಬೇಡಿ. ಅಟಾಸಿಸೆಪ್ಟ್ ಅನ್ನುವ ಇನ್ನೊಂದು ಔಷಧ ಬಿ ಕೋಶಗಳನ್ನೂ ಪ್ಲಾಸ್ಮಾ ಕೋಶಗಳನ್ನೂ ಬೇರೆ ದಾರಿಯಲ್ಲಿ ಕಡಿಮೆ ಮಾಡುತ್ತದೆ. ಅದನ್ನು ಕೊಟ್ಟವರಲ್ಲಿ ರಿಲ್ಯಾಪ್ಸ್ ಹೆಚ್ಚಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಬೆಂಕಿ ಆರಿಸುವ ಬಿ ಕೋಶಗಳೂ ಇವೆ. ಇನ್ನು ಈ ಕೋಶಗಳೊಳಗೆ ಜೀವನಪೂರ್ತಿ ಅಡಗಿ ಕೂರುವ ಎಪ್‌ಸ್ಟೀನ್-ಬಾರ್ ವೈರಸ್ ಇದೆಯಲ್ಲ, 2022ರಲ್ಲಿ ಅಮೆರಿಕದ ಸೇನೆಯಲ್ಲಿದ್ದ 1 ಕೋಟಿಗೂ ಹೆಚ್ಚು ಜನರ ದಾಖಲೆಗಳಿಂದ ತೆಗೆದ ಅಧ್ಯಯನ ಅದನ್ನು ಮುಂದಕ್ಕೆ ತಂದು ನಿಲ್ಲಿಸಿತು. ಆ ಸೋಂಕು ಆದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು. ಆದರೆ ವಯಸ್ಕರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಈ ವೈರಸ್ ತಗುಲಿರುತ್ತದೆ, ಎಂಎಸ್ ಬರುವುದು ತೀರಾ ಕೆಲವರಿಗೆ. ಹಾಗಾಗಿ "ನನಗೆ ಯಾರಿಂದ ಅಂಟಿತು" ಅಂತ ಕೊರಗುವುದಕ್ಕೆ ಇಲ್ಲಿ ಅರ್ಥವಿಲ್ಲ. ತಂಗಿಗೂ ಇದನ್ನೇ ಹೇಳಿದೆ.

ಇಲ್ಲಿವರೆಗೆ ಹೇಳಿದ್ದೆಲ್ಲ ಹೊರಗಿನಿಂದ ಬರುವವರ ಕಥೆ. ಅವಳ ಪ್ರಶ್ನೆಗೆ ಉತ್ತರ ಇರುವುದು ಒಳಗಿನವರಲ್ಲಿ.

ಮ್ಯಾಡ್ರಿಡ್‌ನ ಪಿಯೋ ದೆಲ್ ರಿಯೋ ಒರ್ತೇಗಾ 1919ರಲ್ಲಿ ಬೆಳ್ಳಿಯ ಬಣ್ಣ ಹಾಕಿ ಮಿದುಳಿನ ತುಂಬ ಹರಡಿರುವ, ಸಣ್ಣ ಸಣ್ಣ ಕವಲುಗಳಿರುವ ಕೋಶಗಳನ್ನು ತೋರಿಸಿ ಮೈಕ್ರೋಗ್ಲಿಯಾ ಅಂತ ಹೆಸರಿಟ್ಟರು. ಮಿದುಳಿನ ಸ್ವಂತ ರೋಗನಿರೋಧಕ ಕೋಶಗಳು ಇವು. 2010ರಲ್ಲಿ ಇಲಿಗಳಲ್ಲಿ ಗೊತ್ತಾದ ಹಾಗೆ ಇವು ಎಲುಬಿನ ಮಜ್ಜೆಯಿಂದ ಬಂದವಲ್ಲ. ಭ್ರೂಣ ಇನ್ನೂ ಪುಟ್ಟದಾಗಿರುವಾಗಲೇ ಅದಕ್ಕೆ ಅಂಟಿಕೊಂಡ ಹಳದಿ ಚೀಲದಿಂದ (ಯೋಕ್ ಸ್ಯಾಕ್) ಹೊರಟು ಮಿದುಳಿಗೆ ಬಂದು ನೆಲೆಸಿ, ಆಮೇಲೆ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತವೆ. ಸುಮ್ಮನೆ ಕೂರುವ ಕೋಶಗಳಲ್ಲ. ಕವಲುಗಳನ್ನು ಚಾಚಿ ಸುತ್ತಲಿನ ಜಾಗವನ್ನು ತಡವಿ ನೋಡುತ್ತಲೇ ಇರುತ್ತವೆ.

ಹೊಸ ಗಾಯದಲ್ಲಿ ಇವೂ, ರಕ್ತದಿಂದ ಬಂದ ಮ್ಯಾಕ್ರೋಫೇಜ್ ಅನ್ನುವ ನುಂಗುವ ಕೋಶಗಳೂ ಸೇರಿ ಮೈಲಿನ್ ಕಿತ್ತು ತಿನ್ನುತ್ತವೆ. ತಿಂದ ಕೊಬ್ಬಿನಿಂದ ಹೊಟ್ಟೆ ತುಂಬಿ ನೊರೆನೊರೆಯಾಗಿ ಕಾಣುತ್ತವೆ. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ರಕ್ತನಾಳದ ಗೋಡೆ ಮತ್ತೆ ಮುಚ್ಚಿಕೊಳ್ಳುತ್ತದೆ, ಕಾಂಟ್ರಾಸ್ಟ್ ಹಾಕಿದರೂ ಗಾಯ ಹೊಳೆಯುವುದಿಲ್ಲ. ರಿಪೋರ್ಟ್‌ನಲ್ಲಿ "ಸಕ್ರಿಯವಲ್ಲ" ಅಂತ ಬರುವುದು ಆಗ. ಎಷ್ಟೋ ಗಾಯಗಳು ನಿಜಕ್ಕೂ ಅಲ್ಲಿಗೆ ತಣ್ಣಗಾಗುತ್ತವೆ. ಕೆಲವು ಮಾತ್ರ ಬೂದಿ ಮುಚ್ಚಿದ ಕೆಂಡ. ನಡುವೆ ಕೋಶಗಳು ಹೆಚ್ಚಿಲ್ಲ, ಮೈಲಿನ್ ಇಲ್ಲ. ಸುತ್ತಲಿನ ಅಂಚಿನಲ್ಲಿ ಮಾತ್ರ ಮೈಕ್ರೋಗ್ಲಿಯಾಗಳು ಒತ್ತೊತ್ತಾಗಿ ಕೂತಿರುತ್ತವೆ. ಸತ್ತ ಆಲಿಗೋಡೆಂಡ್ರೋಸೈಟ್‌ಗಳಿಂದ ಹೊರಬಿದ್ದ ಕಬ್ಬಿಣವನ್ನು ನುಂಗಿ ಇನ್ನಷ್ಟು ಕೆರಳುತ್ತವೆ. ಗಾಯ ವರ್ಷದಿಂದ ವರ್ಷಕ್ಕೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹೊರಕ್ಕೆ ದೊಡ್ಡದಾಗುತ್ತದೆ. ದಾರಿಯಲ್ಲಿ ನರತಂತುಗಳೂ ಕಡಿಯುತ್ತವೆ. ಎಂಎಸ್ ಗಾಯಗಳಲ್ಲಿ ಹೊದಿಕೆ ಮಾತ್ರ ಅಲ್ಲ, ನರತಂತುಗಳೇ ತುಂಡಾಗಿರುತ್ತವೆ ಅಂತ ಬ್ರೂಸ್ ಟ್ರ್ಯಾಪ್ ತಂಡ 1998ರಲ್ಲೇ ತೋರಿಸಿತ್ತು. ಹೊದಿಕೆ ಮತ್ತೆ ಬರಬಹುದು. ಕಡಿದ ತಂತು ಮಿದುಳಿನಲ್ಲಿ ಮತ್ತೆ ಕೂಡಿಕೊಳ್ಳುವುದಿಲ್ಲ.

ಕಬ್ಬಿಣ ಇರುವುದರಿಂದಲೇ ಈ ಅಂಚನ್ನು ಬದುಕಿರುವವರ ಮಿದುಳಿನಲ್ಲೂ ನೋಡಲು ಸಾಧ್ಯವಾಯಿತು. ಕಾಂತೀಯ ಗುಣಕ್ಕೆ ಸ್ಪಂದಿಸುವ ವಿಶೇಷ ಎಂಆರ್‌ಐಯಲ್ಲಿ ಗಾಯದ ಸುತ್ತ ಕಪ್ಪು ಉಂಗುರ ಕಾಣುತ್ತದೆ. ಮಾರ್ಟಿನಾ ಅಬ್ಸಿಂಟಾ ಮತ್ತು ಜೊತೆಯವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಉಂಗುರದ ಗಾಯಗಳು ನಾಲ್ಕು ಅಥವಾ ಹೆಚ್ಚು ಇದ್ದವರಿಗೆ ನಡಿಗೆಯ ಮತ್ತು ಯೋಚನೆಯ ತೊಂದರೆ ಚಿಕ್ಕ ವಯಸ್ಸಿಗೇ ಬಂದಿತ್ತು. ಅವರಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದವರೂ ಇದ್ದರು. ಈಗಿನ ಬಲವಾದ ಔಷಧಗಳಲ್ಲಿ ಹಲವು ರಕ್ತದಲ್ಲಿ ಕೆಲಸ ಮಾಡುವ ಪ್ರತಿಕಾಯಗಳು, ಮಿದುಳಿನೊಳಗೆ ತೀರಾ ಸ್ವಲ್ಪ ಹೋಗುತ್ತವೆ. ಹೊರಗಿನವರನ್ನು ಅವು ಚೆನ್ನಾಗಿ ತಡೆಯುತ್ತವೆ. ಅಂಚಿನಲ್ಲಿ ಕೂತವರ ಹತ್ತಿರ ಹೆಚ್ಚುಕಡಿಮೆ ಹೋಗುವುದೇ ಇಲ್ಲ. "ಹೊಸ ಗಾಯ ಇಲ್ಲ" ಅನ್ನುವ ಮಾತು ಹಾಗಾಗಿ ನಿಜ, ಆದರೆ ಅದು ಬಾಗಿಲಿನ ಸುದ್ದಿ ಮಾತ್ರ. ಮಿದುಳಿನ ಹೊರಪೊರೆಯಲ್ಲಿ ಬಿ ಕೋಶಗಳು ಗುಂಪು ಕಟ್ಟಿಕೊಂಡು ಕೆಳಗಿನ ಭಾಗವನ್ನು ಸವೆಸುವುದೂ ಮಾಮೂಲಿ ಸ್ಕ್ಯಾನ್‌ಗೆ ಸಿಗುವುದಿಲ್ಲ.

ತನ್ನ ಕಾಲು ಭಾರವಾಗಿದೆ ಅಂತ ಹೇಳುವ ರೋಗಿಗೆ "ಸ್ಕ್ಯಾನ್‌ನಲ್ಲಿ ಏನಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಅನ್ನುವುದು ನನಗೆ ತುಂಬಾ ನೋವು ಕೊಡುವ ವಿಷಯ. ಅವರು ಹೇಳುತ್ತಿರುವುದಕ್ಕೆ ಅಂಗಾಂಶದಲ್ಲಿ ಆಧಾರ ಇದೆ. 2024ರ ಪರಿಷ್ಕೃತ ಮ್ಯಾಕ್‌ಡೊನಾಲ್ಡ್ ಮಾನದಂಡಗಳಲ್ಲಿ ಈ ಉಂಗುರವನ್ನೂ, ಡಾಸನ್ ಕಂಡ ನಡುವಿನ ರಕ್ತನಾಳವನ್ನೂ ಕಾಯಿಲೆ ಗುರುತಿಸಲು ನೆರವಾಗುವ ಚಿಹ್ನೆಗಳಾಗಿ ಸೇರಿಸಿದ್ದಾರೆ. ಎಲ್ಲ ಕಡೆಯ ಯಂತ್ರ ಅದನ್ನು ತೋರಿಸುವುದಿಲ್ಲ, ಆದರೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಅಂಚಿನವರನ್ನು ಮುಟ್ಟುವ ಔಷಧ? ಟೋಲೆಬ್ರುಟಿನಿಬ್ ಅನ್ನುವ ಮಾತ್ರೆ ಮಿದುಳಿನೊಳಗೆ ಹೋಗುತ್ತದೆ, ಬಿ ಕೋಶ ಮತ್ತು ಮೈಕ್ರೋಗ್ಲಿಯಾ ಎರಡರಲ್ಲೂ ಇರುವ ಬಿಟಿಕೆ ಅನ್ನುವ ಕಿಣ್ವವನ್ನು ತಡೆಯುತ್ತದೆ. 2024ರಲ್ಲಿ ಬಂದ ಫಲಿತಾಂಶಗಳನ್ನು ನಾನು ಮತ್ತೆ ಮತ್ತೆ ಓದಿದೆ. ರಿಲ್ಯಾಪ್ಸ್ ಇರುವವರಲ್ಲಿ ಹಳೆಯ ಔಷಧ ಟೆರಿಫ್ಲುನೊಮೈಡ್‌ಗಿಂತ ಇದು ರಿಲ್ಯಾಪ್ಸ್ ಕಡಿಮೆ ಮಾಡಲಿಲ್ಲ. ಆದರೆ ರಿಲ್ಯಾಪ್ಸ್ ಇಲ್ಲದೆ ನಿಧಾನವಾಗಿ ಹದಗೆಡುತ್ತಿದ್ದವರಲ್ಲಿ, ಹದಗೆಡುವ ಅಪಾಯ 31 ಶೇಕಡ ಇಳಿಯಿತು. ಕೆಲವರಿಗೆ ಲಿವರ್‌ಗೆ ಗಂಭೀರ ಹಾನಿಯಾದದ್ದೂ ಇದೆ, ಹಾಗಾಗಿ ಇದನ್ನು ವರದಾನ ಅಂತ ಕರೆಯಲಾರೆ. ಆದರೆ ಈ ಎರಡು ಫಲಿತಾಂಶ ಬೇರೆ ಬೇರೆ ದಿಕ್ಕಿಗೆ ಹೋದದ್ದೇ ನನಗೆ ದೊಡ್ಡ ವಿಷಯ. ಹೊಸ ಗಾಯ ಹುಟ್ಟುವುದು, ಹಳೆ ಗಾಯ ಒಳಗೊಳಗೆ ಉರಿಯುವುದು, ಎರಡೂ ಒಂದೇ ಅಲ್ಲ. ವಂಶವಾಹಿಗಳೂ ಇದನ್ನೇ ಹೇಳುತ್ತವೆ. ಕಾಯಿಲೆ ಬರುವ ಅಪಾಯಕ್ಕೆ ಸಂಬಂಧಿಸಿದ ಇನ್ನೂರಕ್ಕೂ ಹೆಚ್ಚು ಜಾಗಗಳಲ್ಲಿ ಬಹುಪಾಲು ರೋಗನಿರೋಧಕ ಕೋಶಗಳಲ್ಲಿ ಕೆಲಸ ಮಾಡುವಂಥವು. 2023ರಲ್ಲಿ ಕಾಯಿಲೆ ಎಷ್ಟು ತೀವ್ರವಾಗುತ್ತದೆ ಅನ್ನುವುದಕ್ಕೆ ಸಿಕ್ಕ ಸುಳಿವು ಮಾತ್ರ ಮಿದುಳಿನ ಅಂಗಾಂಶದ ಕಡೆಗೆ ಬೆರಳು ತೋರಿಸಿತು.

ಹಾಗಾದರೆ ಮೈಕ್ರೋಗ್ಲಿಯಾ, ಮ್ಯಾಕ್ರೋಫೇಜ್‌ಗಳನ್ನೆಲ್ಲ ತೆಗೆದುಬಿಟ್ಟರೆ? ಬೇಡ. ಕಿತ್ತುಹೋದ ಮೈಲಿನ್‌ನ ಚೂರುಗಳು ಅಲ್ಲೇ ಬಿದ್ದಿದ್ದರೆ ಹೊಸ ಹೊದಿಕೆ ಸುತ್ತಬೇಕಾದ ಎಳೆಯ ಕೋಶಗಳು ಬಲಿಯುವುದೇ ಇಲ್ಲ. ಆ ಚೂರುಗಳನ್ನು ತಿಂದು ಜಾಗ ತೆರವು ಮಾಡುವವರು ಇವರೇ. 2012ರಲ್ಲಿ ಒಂದು ಪ್ರಯೋಗ ನಡೆಯಿತು. ಮುದಿ ಇಲಿಯನ್ನೂ ಎಳೆ ಇಲಿಯನ್ನೂ ರಕ್ತ ಹರಿದಾಡುವ ಹಾಗೆ ಜೋಡಿಸಿದರು. ಎಳೆ ಇಲಿಯ ಮ್ಯಾಕ್ರೋಫೇಜ್‌ಗಳು ಮುದಿ ಇಲಿಯ ಗಾಯಕ್ಕೆ ಹೋಗಿ ಚೂರುಗಳನ್ನು ಗುಡಿಸಿದವು, ಮುದಿ ಇಲಿಯ ಬೆನ್ನುಹುರಿಯಲ್ಲಿ ಮೈಲಿನ್ ಮತ್ತೆ ಚೆನ್ನಾಗಿ ಸುತ್ತಿಕೊಂಡಿತು. ವಯಸ್ಸಾದಂತೆ ಎಂಎಸ್ ಯಾಕೆ ಹದಗೆಡುತ್ತದೆ ಅನ್ನುವುದಕ್ಕೆ ಇದು ಒಂದು ಕಾರಣ ಇರಬೇಕು. ಮನುಷ್ಯರಲ್ಲೂ ಮೈಲಿನ್ ತೆಳ್ಳಗೆ ಮತ್ತೆ ಸುತ್ತಿಕೊಂಡ ಗಾಯಗಳು ಸಿಗುತ್ತವೆ. ಹೀಗಿರುವಾಗ ಗುರಿ ಆ ಕೋಶಗಳನ್ನು ಕೊಲ್ಲುವುದಲ್ಲ, ಉರಿಯುವ ಕೆಲಸದಿಂದ ಗುಡಿಸುವ ಕೆಲಸಕ್ಕೆ ಅವನ್ನು ತಿರುಗಿಸುವುದು ಅಂತ ನಾನು ನಂಬುತ್ತೇನೆ. ಅದು ಹೇಗೆ ಅನ್ನುವುದಕ್ಕೆ ಇನ್ನೂ ಮಾತ್ರೆ ಬಂದಿಲ್ಲ.

ಕೊನೆಗೆ ಒಂದು ಮಾತನ್ನು ಎಂಎಸ್ ಇರುವ ಓದುಗರಿಗೆಂದೇ ಬರೆಯುತ್ತಿದ್ದೇನೆ. ಕ್ಲೆಮಾಸ್ಟಿನ್ ಅನ್ನುವ ಹಳೆಯ ಅಲರ್ಜಿ ಮಾತ್ರೆ ಮೈಲಿನ್ ಬೆಳೆಸುತ್ತದೆ ಅನ್ನುವ ಸುದ್ದಿ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. 2017ರ ಸಣ್ಣ ಪ್ರಯೋಗವೊಂದರಲ್ಲಿ ಕಣ್ಣಿನ ನರದ ಸಂಕೇತ ಸ್ವಲ್ಪ ವೇಗವಾದದ್ದು ನಿಜ. ಆದರೆ ಆಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ನಿಧಾನವಾಗಿ ಹದಗೆಡುತ್ತಿದ್ದವರ ಒಂದು ಚಿಕ್ಕ ಗುಂಪಿಗೆ ಕೊಟ್ಟಾಗ, ಅವರಲ್ಲಿ ಕೆಲವರು ಮೊದಲಿಗಿಂತ ವೇಗವಾಗಿ ಹದಗೆಟ್ಟರು. ಆ ಭಾಗವನ್ನು ನಿಲ್ಲಿಸಿದರು. ಉರಿಯೂತದಲ್ಲಿರುವ ಕೋಶಗಳು ಸಿಡಿದು ಸಾಯುವುದನ್ನು ಆ ಮಾತ್ರೆ ಹೆಚ್ಚಿಸಿರಬಹುದು ಅಂತ ಸಂಶೋಧಕರು ವಿವರಿಸಿದ್ದಾರೆ. ಅಂಚಿನಲ್ಲಿ ಕೆಂಡ ಇರುವವರಿಗೂ ಇಲ್ಲದವರಿಗೂ ಒಂದೇ ಮಾತ್ರೆ ಒಂದೇ ತರಹ ಕೆಲಸ ಮಾಡುವುದಿಲ್ಲ. ದಯವಿಟ್ಟು ನಿಮ್ಮ ನರರೋಗ ತಜ್ಞರನ್ನು ಕೇಳದೆ ಅದನ್ನು ಶುರು ಮಾಡಬೇಡಿ, ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅವರಿಗೆ ಹೇಳಿ.